ಉಳಿದ ಬೆಟ್ಟ, ಬಂದು ಕೂತ ದಿಬ್ಬ

ಮೊದಲ ದಿನ: ಸಾವಿರ ಮೆಟ್ಟಿಲು

ಕಳೆದ ಬೇಸಿಗೆಯಲ್ಲಿ ಅಣ್ಣ ಕೊಳವೆಬಾವಿ ಕೊರೆಸಿದ. 640 ಅಡಿ ಇಳಿದರೂ ಮೇಲೆ ಬಂದದ್ದು ಅಕ್ಕಿಹಿಟ್ಟಿನಂಥ ಕಲ್ಲುಪುಡಿ ಮಾತ್ರ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿ ಜಾಗ ತೋರಿಸಿದವರು ಕಾಸು ಎಣಿಸಿಕೊಂಡು ಹೋದರು. ಅಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ, ತಗ್ಗಿನಲ್ಲಿರುವ ಪಕ್ಕದ ಹೊಲದವರಿಗೆ ನೂರೈವತ್ತು ಅಡಿಗೇ ನೀರು ಸಿಕ್ಕಿದೆ. ಜಗಲಿಯ ಮೇಲೆ ಕುಳಿತಿದ್ದ ಅಪ್ಪ, “ಬೋರೆಯ ಮೇಲೆ ನೀರು ಹುಡುಕಿದರೆ ಎಲ್ಲಿಂದ ಬರಬೇಕು?” ಎಂದರು. ಬೋರೆ ಎಂದರೆ ನಮ್ಮ ಕಡೆ ಎತ್ತರದ ಒಣ ನೆಲ. ಮತ್ತೆ ಅವರು ಆ ಮಾತು ಎತ್ತಲಿಲ್ಲ.

ಅಣ್ಣನ ಮಗಳು ಪುಟ್ಟಿ ಮಾನಸಗಂಗೋತ್ರಿಯಲ್ಲಿ ಭೂಗೋಳ ಓದುತ್ತಿದ್ದಾಳೆ. “ಅತ್ತೆ, ತಾತ ಬೋರೆ ಎಂದದ್ದನ್ನೇ ನಮ್ಮ ನಕ್ಷೆಗಳು ಬೇರೆ ಹೆಸರಿನಲ್ಲಿ ಹೇಳುತ್ತವೆ. ನೆಲ ಹೇಗೆ ಹುಟ್ಟಿತು ಎಂದು ಗೊತ್ತಾದರೆ ನೀರು ಎಲ್ಲಿದೆ ಎಂಬುದೂ ಅರ್ಧ ಗೊತ್ತಾದ ಹಾಗೆ” ಎಂದಳು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಪರ್ವತ, ಪ್ರಸ್ಥಭೂಮಿ, ಮೈದಾನ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಎತ್ತರವಿದ್ದರೆ ಬೆಟ್ಟ, ತಗ್ಗಿದ್ದರೆ ಕಣಿವೆ. ಮಕ್ಕಳು ಬರೆದುಕೊಂಡರು, ಅಂಕ ತೆಗೆದರು. ಆ ಎತ್ತರ ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ದಸರಾ ರಜೆಯ ಕೊನೆಯ ನಾಲ್ಕು ದಿನ ಅವಳ ಜೊತೆ ಹೊರಟುಬಿಟ್ಟೆ.

ಬೆಳಗ್ಗೆ ಆರಕ್ಕೆ ಚಾಮುಂಡಿ ಬೆಟ್ಟದ ಪಾದದಲ್ಲಿದ್ದೆವು. ವಿಜಯದಶಮಿಯ ಜನಜಂಗುಳಿ ಇಳಿದಿತ್ತು. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಇಬ್ಬರು ಹೆಂಗಸರು ನಮ್ಮ ಮುಂದೆ ಏರುತ್ತಿದ್ದರು. ಇನ್ನೂರು ಮೆಟ್ಟಿಲು ಆಗುವಷ್ಟರಲ್ಲಿ ಪುಟ್ಟಿ ದಾರಿ ಬಿಟ್ಟು ಪಕ್ಕದ ಬಂಡೆಯ ಬಳಿ ಕುಳಿತಳು. ಬಾಟಲಿಯ ನೀರು ಸುರಿದು ಅಂಗೈಯಿಂದ ಉಜ್ಜಿದಳು. ಒಣಗಿದ್ದಾಗ ಬರೀ ಬೂದುಬಣ್ಣದ ಕಲ್ಲು. ನೀರು ಬಿದ್ದ ಮೇಲೆ ಅದರೊಳಗಿನಿಂದ ನಸುಗೆಂಪು ಹರಳುಗಳು ಎದ್ದುಬಂದವು, ಕೆಲವು ನನ್ನ ಹೆಬ್ಬೆರಳಿನ ಉಗುರಿನಷ್ಟು ಉದ್ದ. ಅವು ಫೆಲ್ಡ್‌ಸ್ಪಾರ್. ನಡುನಡುವೆ ಗಾಜಿನ ಚೂರಿನಂತೆ ಬೂದಾಗಿ ಕಾಣುವುದು ಬೆಣಚು. ಕರಿಎಳ್ಳಿನಂತೆ ಚೆಲ್ಲಿರುವುದು ಅಭ್ರಕ.

“ಹರಳು ಇಷ್ಟು ದೊಡ್ಡದಾಗಿ ಬೆಳೆಯಬೇಕಾದರೆ ಕಲ್ಲಿನ ಪಾಕ ಬಹಳ ನಿಧಾನವಾಗಿ ಆರಬೇಕು. ನೆಲದ ಮೇಲೆ ಹಾಗೆ ಆರುವುದಿಲ್ಲ, ಕಿಲೋಮೀಟರುಗಟ್ಟಲೆ ಆಳದಲ್ಲಿ ಮಾತ್ರ ಆರುತ್ತದೆ” ಎಂದಳು. ಸುತ್ತಲಿನ ಬಯಲಿನ ಅಡಿಯಲ್ಲಿರುವುದು 300 ಕೋಟಿ ವರ್ಷಗಳ ಆಸುಪಾಸಿನ ಪೆನಿನ್ಸುಲಾರ್ ನೈಸ್ ಶಿಲೆ. ಆ ಹೆಸರು ಕೊಟ್ಟವರು 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್. ಆ ಹಳೆಯ ಶಿಲೆಯೊಳಗೆ ಸುಮಾರು 80 ಕೋಟಿ ವರ್ಷಗಳ ಹಿಂದೆ ನುಗ್ಗಿ, ಅಲ್ಲೇ ಆರಿ ಗಟ್ಟಿಯಾದ ಕಣಶಿಲೆ (ಗ್ರಾನೈಟ್) ಈ ಚಾಮುಂಡಿ ಬೆಟ್ಟ. ಮೇಲಿದ್ದ ಹೊದಿಕೆಯೆಲ್ಲ ಸವೆದು ಹೋದ ಮೇಲೆ ಬಿಸಿಲು ಕಂಡಿತು. ನಾವು ಹತ್ತುತ್ತಿದ್ದದ್ದು ಒಂದು ಕಾಲದ ಪಾತಾಳವನ್ನು.

“ಹಾಗಾದರೆ ಬೆಟ್ಟಕ್ಕೆ 80 ಕೋಟಿ ವರ್ಷವೇ?” ಎಂದು ಕೇಳಿದೆ.

“ಇಲ್ಲ ಅತ್ತೆ. ಕಲ್ಲಿನ ವಯಸ್ಸು ಬೇರೆ, ಬೆಟ್ಟದ ವಯಸ್ಸು ಬೇರೆ.” ನಂದಿಯ ಮುಂದೆ ನಿಂತಾಗ ಇದು ನನಗೆ ಸರಿಯಾಗಿ ಹತ್ತಿತು. ಹದಿನಾರು ಅಡಿ ಎತ್ತರದ ಈ ಏಕಶಿಲೆಯ ನಂದಿ ಹದಿನೇಳನೆಯ ಶತಮಾನದ್ದು, ದೊಡ್ಡ ದೇವರಾಜ ಒಡೆಯರ ಕಾಲದ್ದು ಎಂದು ನಾವೆಲ್ಲ ಓದಿದ್ದೇವೆ. ಕಲ್ಲಿಗೆ ಎಷ್ಟು ವರ್ಷ ಎಂದು ಕೇಳಿದರೆ ಉತ್ತರ ಬೇರೆ, ನಂದಿಗೆ ಎಷ್ಟು ಎಂದು ಕೇಳಿದರೆ ಬೇರೆ. ಬೆಟ್ಟವೂ ಹಾಗೆಯೇ. ಅದರ ಕೆತ್ತನೆ ಇನ್ನೂ ನಡೆಯುತ್ತಲೇ ಇದೆ. 2021ರ ಮಳೆಯಲ್ಲಿ ನಂದಿಯ ಕಡೆಗೆ ಬರುವ ರಸ್ತೆಯ ಅಂಚು ಕುಸಿದು ಜಾರಿತಲ್ಲ, ಅದನ್ನು ನಾನು ದುರಸ್ತಿಯ ಸುದ್ದಿಯಾಗಿ ಓದಿದ್ದೆ. ಪುಟ್ಟಿಗೆ ಅದು ಇಳಿಜಾರು ತನ್ನ ಕೆಲಸ ಮಾಡಿದ ದಿನ.

ಸುಮಾರು 1,060 ಮೀಟರ್ ಎತ್ತರದ ನೆತ್ತಿಯಿಂದ ನೋಡಿದರೆ, ಮುನ್ನೂರು ಮೀಟರ್ ಕೆಳಗೆ ಮೈಸೂರು ಹರಡಿಕೊಂಡಿದೆ. ಆಚೆ ಬಯಲೋ ಬಯಲು. ಬಯಲನ್ನು ಕಡಲು ಎಂದುಕೊಂಡರೆ ಚಾಮುಂಡಿ ಬೆಟ್ಟ ಒಂದು ದ್ವೀಪ. ಆಫ್ರಿಕದಲ್ಲಿ ಇಂಥ ಒಂಟಿ ಬೆಟ್ಟಗಳನ್ನು ಕಂಡ ಜರ್ಮನಿಯ ವಿಲ್ಹೆಲ್ಮ್ ಬೋರ್ನ್‌ಹಾರ್ಟ್ 1900ರಲ್ಲಿ ಕೊಟ್ಟ ಹೆಸರು ಇನ್ಸೆಲ್‌ಬರ್ಗ್. ಅಂದರೆ ದ್ವೀಪಬೆಟ್ಟ.

ಎರಡನೆಯ ದಿನ: ಕುಂತಿಬೆಟ್ಟ, ಮೇಲುಕೋಟೆ

ಪಾಂಡವಪುರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಹಿಡಿದೆವು. ಕುಂತಿಬೆಟ್ಟದ ಗುಂಡುಗಳನ್ನು ದೂರದಿಂದ ನೋಡಿದ ಯಾರಿಗಾದರೂ ಇವನ್ನು ಯಾರೋ ಹೊತ್ತು ತಂದು ಪೇರಿಸಿದ್ದಾರೆ ಎನ್ನಿಸುತ್ತದೆ. ಭೀಮನ ಕಥೆಗಳು ಹುಟ್ಟಿದ್ದು ಅದಕ್ಕೇ ಇರಬೇಕು. ನನಗೆ ಆ ಕಥೆಗಳು ಈಗಲೂ ಪ್ರಿಯ. ಆದರೆ ಉತ್ತರ ಸಿಕ್ಕಿದ್ದು ಬೆಟ್ಟದ ಮೇಲಲ್ಲ, ದಾರಿ ಅಗಲ ಮಾಡಲು ಮಣ್ಣು ಕಡಿದ ಒಂದು ದಂಡೆಯಲ್ಲಿ.

ಆಳೆತ್ತರದ ಆ ಕಡಿತದಲ್ಲಿ ಕೆಂಪು ಗರಸಿನ ನಡುವೆ ದುಂಡನೆಯ ಕಲ್ಲೊಂದು ಹುದುಗಿತ್ತು, ಹಲಸಿನ ಹಣ್ಣಿನೊಳಗಿನ ಬೀಜದಂತೆ. ಅದರ ಸುತ್ತ ಬೆರಳಿನಷ್ಟು ದಪ್ಪದ ಪದರಗಳು, ಈರುಳ್ಳಿಯ ಸಿಪ್ಪೆಯ ಹಾಗೆ ಒಂದರ ಮೇಲೊಂದು. ಹೊರಗಿನ ಪದರವನ್ನು ಪುಟ್ಟಿ ಉಗುರಿನಿಂದ ಕೆರೆದಳು, ಉದುರಿತು. ಒಳಗಿನದು ಬಿಡಲಿಲ್ಲ. ಉದುರಿದ್ದನ್ನು ನನ್ನ ಅಂಗೈಗೆ ಹಾಕಿದಳು. ಚಾಮುಂಡಿ ಬೆಟ್ಟದ ಹರಳು ನೋಡಿ ಬಂದಿದ್ದರಿಂದ ಗುರುತು ಸಿಕ್ಕಿತು: ಬೆಣಚಿನ ಚೂರುಗಳು ಚೂಪಾಗಿ, ಗಟ್ಟಿಯಾಗಿ ಇದ್ದವು. ಫೆಲ್ಡ್‌ಸ್ಪಾರ್ ಮಾತ್ರ ಸುಣ್ಣದ ಉಂಡೆಯಂತೆ ಮೆತ್ತಗಾಗಿ ಬೆರಳಿಗೆ ಹತ್ತಿತು. ಮಳೆನೀರು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣು ಮಾಡುತ್ತದೆ, ಬೆಣಚನ್ನು ಏನೂ ಮಾಡಲಾಗದೆ ಬಿಟ್ಟುಬಿಡುತ್ತದೆ. ಇದೇ ಶಿಥಿಲೀಕರಣ. ಎಷ್ಟೋ ಸಲ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದ್ದೇನೆ.

ಕಣಶಿಲೆಯಲ್ಲಿ ಉದ್ದ ಅಡ್ಡ ಸೀಳುಗಳಿರುತ್ತವೆ. ನೆಲದಡಿಯಲ್ಲಿ ನೀರು ಆ ಸೀಳುಗಳ ಗುಂಟ ಇಳಿದು ಎರಡೂ ಬದಿಯ ಕಲ್ಲನ್ನು ಕೊಳೆಸುತ್ತ ಬರುತ್ತದೆ. ಚೌಕದ ಮೂಲೆಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆ ಮೊದಲು ಹೋಗುತ್ತದೆ, ನಡುವಿನ ತಿರುಳು ದುಂಡಗಾಗಿ ಉಳಿಯುತ್ತದೆ. ಆಮೇಲೆ ಮಳೆ ಗರಸನ್ನು ತೊಳೆದುಕೊಂಡು ಹೋದರೆ ಗುಂಡುಗಳು ಇದ್ದಲ್ಲೇ ಒಂದರ ಮೇಲೊಂದು ಕೂತುಬಿಡುತ್ತವೆ. ಯಾರೂ ಪೇರಿಸಿದ್ದಲ್ಲ. ಇದು ಎರಡು ಹಂತದ ಕೆಲಸ ಎಂದು 1955ರಲ್ಲಿ ಇಂಗ್ಲೆಂಡಿನ ಡೇವಿಡ್ ಲಿಂಟನ್ ವಿವರಿಸಿದರು. ದಂಡೆಯಲ್ಲಿ ನಾವು ಕಂಡದ್ದು ಮೊದಲ ಹಂತ, ಮೇಲೆ ಆಕಾಶಕ್ಕೆ ತಾಗಿ ನಿಂತದ್ದು ಎರಡನೆಯದು.

ಬೆಟ್ಟದ ಬುಡದಲ್ಲಿ ಮೇಕೆ ಮೇಯಿಸುತ್ತಿದ್ದ ಯಜಮಾನರೊಬ್ಬರು ನಮ್ಮನ್ನೇ ನೋಡುತ್ತಿದ್ದರು. ಚಿಕ್ಕಂದಿನಲ್ಲಿ ಕಲ್ಲು ಕೆಲಸ ಮಾಡಿದವರಂತೆ. “ಏನು ಹುಡುಕುತ್ತಿದ್ದೀರಿ ತಾಯಿ?” ಎಂದರು. ಕಲ್ಲಿನ ಪದರ ನೋಡುತ್ತಿದ್ದೇವೆ ಎಂದೆ. “ಪದರ ನೋಡಬೇಕಾದರೆ ಹಾಸುಬಂಡೆಗೆ ಬನ್ನಿ” ಎಂದು ಕರೆದುಕೊಂಡು ಹೋದರು. ಸಿಡಿಮದ್ದು ಇಲ್ಲದ ಕಾಲದಲ್ಲಿ ಚಪ್ಪಡಿ ಎಬ್ಬಿಸುತ್ತಿದ್ದ ಬಗೆಯನ್ನು ಅವರು ನಿಂತಲ್ಲೇ ಅಭಿನಯಿಸಿ ತೋರಿಸಿದರು. ಬಂಡೆಯ ಮೇಲೆ ಸಾಲಾಗಿ ಸೌದೆ ಉರಿಸಬೇಕು. ಉರಿಯನ್ನು ನಿಧಾನವಾಗಿ ಮುಂದಕ್ಕೆ ತಳ್ಳುತ್ತ, ಹಿಂದೆ ಬಿಟ್ಟ ಜಾಗವನ್ನು ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು. “ಟಣ್ ಎಂದರೆ ಇನ್ನೂ ಕಚ್ಚಿಕೊಂಡಿದೆ. ಡಬ್ ಎಂದರೆ ಎದ್ದಿದೆ. ಅವಸರ ಮಾಡಿದರೆ ಚೂರಾಗುತ್ತದೆ ಮಗಳೇ.” ಮೇಲಿನ ಭಾರ ಇಳಿದ ಕಣಶಿಲೆ ಹಿಗ್ಗಿ, ಮೈಗೆ ಸಮನಾಗಿ ಪದರ ಪದರವಾಗಿ ಬಿಡುತ್ತದೆ ಎಂದು ಪುಟ್ಟಿ ಓದಿದ್ದಳು. ಆ ಬಿಡುವಿಕೆಯ ಸದ್ದನ್ನು ಬಲ್ಲವರನ್ನು ಅವಳು ಕಂಡದ್ದು ಅದೇ ಮೊದಲು. ಮೂರು ಪುಟ ಬರೆದುಕೊಂಡಳು.

ಅಂಗೈಯ ಗರಸನ್ನು ಕಾಗದದಲ್ಲಿ ಕಟ್ಟಿ ಚೀಲದಲ್ಲಿಟ್ಟೆ. ಮೇಲುಕೋಟೆಯ ದಾರಿಯಲ್ಲಿ ಆಲೆಮನೆಯೊಂದರ ಬಳಿ ಇಳಿದು ಬಿಸಿ ಆರಿರದ ಎರಡು ಅಚ್ಚು ಬೆಲ್ಲ ಕೊಂಡೆವು.

ಯೋಗನರಸಿಂಹನ ದರ್ಶನ ಮಾಡಿ, ಕೆಳಗೆ ಪುಳಿಯೋಗರೆ ತಿಂದು, ಮತ್ತೆ ಅರ್ಧ ಬೆಟ್ಟ ಹತ್ತಿ ಮೆಟ್ಟಿಲ ಮೇಲೆ ಕುಳಿತೆವು. ಕಲ್ಯಾಣಿಯ ನೀರು ಕೆಳಗೆ ಹಸಿರಾಗಿ ನಿಂತಿತ್ತು. ಸುತ್ತ ಎತ್ತ ನೋಡಿದರೂ ಬಯಲು, ಅಲ್ಲಲ್ಲಿ ಮೊಳೆ ಹೊಡೆದಂತೆ ಗುಡ್ಡಗಳು. ಈ ಬಯಲು ಸಮವಾದದ್ದು ಹೇಗೆ? ಪುಟ್ಟಿ ಬೆಲ್ಲದ ಅಚ್ಚುಗಳನ್ನು ಹೊರತೆಗೆದಳು.

ಮೊದಲ ಅಚ್ಚಿನ ನೆತ್ತಿಗೆ ನೀರು ತೊಟ್ಟಿಕ್ಕಿಸಿದಳು. ನೆತ್ತಿ ಕರಗಿತು, ಅಂಚು ಇಳಿಯಿತು, ಅಚ್ಚು ಚಪ್ಪಟೆಯಾಗುತ್ತ ಬಂತು. “ಇದು ಡೇವಿಸ್.” ಅಮೆರಿಕದ ವಿಲಿಯಂ ಮಾರಿಸ್ ಡೇವಿಸ್ 1899ರಲ್ಲಿ ನೆಲಕ್ಕೂ ಯೌವನ, ಪ್ರೌಢತೆ, ಮುಪ್ಪು ಇದೆ ಎಂದರು. ನೆಲ ಮೇಲೇಳುತ್ತದೆ, ನದಿಗಳು ಆಳವಾಗಿ ಕೊರೆಯುತ್ತವೆ, ಇಳಿಜಾರುಗಳು ವರ್ಷ ಕಳೆದಂತೆ ಬಾಗಿ ತಗ್ಗುತ್ತವೆ, ಕೊನೆಗೆ ಹೆಚ್ಚುಕಡಿಮೆ ಸಮತಟ್ಟಾದ ಪೆನಿಪ್ಲೇನ್ ಉಳಿಯುತ್ತದೆ. ಎರಡನೆಯ ಅಚ್ಚಿನ ಬದಿಯನ್ನು ಹಲ್ಲಿನಿಂದ ಕಚ್ಚುತ್ತ ಹೋದಳು. ಸುತ್ತಲೂ ಕಚ್ಚಿದರೂ ಬದಿಯ ಕಡಿದಾದ ಗೋಡೆ ಹಾಗೇ ಇತ್ತು, ಹಿಂದೆ ಹಿಂದೆ ಸರಿಯಿತು ಅಷ್ಟೆ. “ಇದು ಕಿಂಗ್.” ದಕ್ಷಿಣ ಆಫ್ರಿಕದಲ್ಲಿ ಕೆಲಸ ಮಾಡಿದ ಲೆಸ್ಟರ್ ಕಿಂಗ್ 1953ರಲ್ಲಿ ವಾದಿಸಿದ್ದು ಇದನ್ನೇ: ಇಳಿಜಾರು ಬಾಗುವುದಿಲ್ಲ, ತನ್ನ ಕಡಿದಾದ ಓರೆಯನ್ನು ಉಳಿಸಿಕೊಂಡು ಹಿಂದೆ ಸರಿಯುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ತೆಳುವಾಗಿ ಓರೆಯಾದ ಕಲ್ಲಿನ ತಳ ಉಳಿಯುತ್ತದೆ, ಅದು ಪೆಡಿಮೆಂಟ್. ಅಂಥವು ಕೂಡಿಕೊಂಡರೆ ಪೆಡಿಪ್ಲೇನ್.

ಬೆಳಗ್ಗೆ ಕುಂತಿಬೆಟ್ಟದ ಬುಡ ನೋಡಿದ್ದ ನನಗೆ ಎರಡನೆಯ ಅಚ್ಚೇ ಸರಿ ಎನ್ನಿಸಿತು. ಅಲ್ಲಿ ಬೆಟ್ಟ ಮೆಲ್ಲಗೆ ಬಯಲಾಗುವುದಿಲ್ಲ, ಗೋಡೆ ನೆಲ ಸೇರಿದ ಹಾಗೆ ಥಟ್ಟನೆ ನಿಲ್ಲುತ್ತದೆ. ಇಬ್ಬರ ಚಿತ್ರವೂ ವಾಸ್ತವಕ್ಕಿಂತ ಸರಳ ಎಂದು ಈಗಿನವರು ಹೇಳುತ್ತಾರಂತೆ. ಕುಂತಿಬೆಟ್ಟದ ದಂಡೆಯಲ್ಲಿ ಕಂಡ ಹಾಗೆ ನೆಲದಡಿಯಲ್ಲಿ ಕೊಳೆಯುವ ಕೆಲಸವನ್ನು ಇಬ್ಬರೂ ಮುಖ್ಯವಾಗಿ ಎಣಿಸಲಿಲ್ಲ. ಆದರೂ ಡೇವಿಸ್ ನೆಲದ ಆಕಾರಕ್ಕೆ ಕಲ್ಲಿನ ರಚನೆ, ಕ್ರಿಯೆ, ಕಾಲ ಈ ಮೂರನ್ನು ಕೇಳಬೇಕೆಂದು ಹೇಳಿಕೊಟ್ಟದ್ದು ದೊಡ್ಡದು. ನಾನು ತರಗತಿಯಲ್ಲಿ ಬಿಟ್ಟದ್ದು ಆ ಮೂರನ್ನೇ.

ಪುಟ್ಟಿ ಮೊಬೈಲಿನಲ್ಲಿ ಇಸ್ರೊದ ಭುವನ್ ನಕ್ಷೆ ತೆರೆದಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸೇರಿ ಉಪಗ್ರಹ ಚಿತ್ರಗಳಿಂದ ದೇಶದ ಭೂಸ್ವರೂಪಗಳನ್ನು 1:50,000 ಅಳತೆಯಲ್ಲಿ ಗುರುತಿಸಿವೆ. ಅಲ್ಲಿ ಮೊದಲ ವಿಂಗಡಣೆ ಎತ್ತರದ್ದಲ್ಲ, ಹುಟ್ಟಿನದು: ಸವೆತದಿಂದಾದದ್ದು, ನದಿಯಿಂದಾದದ್ದು, ಗಾಳಿಯಿಂದಾದದ್ದು, ಕಡಲಿನಿಂದಾದದ್ದು, ನೆಲದ ಮಡಿಕೆ ಸೀಳುಗಳಿಂದಾದದ್ದು, ಮನುಷ್ಯರಿಂದಾದದ್ದು. ನಮ್ಮ ಊರಿನ ಸುತ್ತ ಇದ್ದ ಬಣ್ಣ ಸವೆತದ್ದು, ಹೆಸರು ಪೆಡಿಮೆಂಟ್-ಪೆಡಿಪ್ಲೇನ್ ಸಂಕೀರ್ಣ. ಅಣ್ಣನ ಹೊಲ ಅದರೊಳಗೆ ಎತ್ತರದ ಓರೆಯಲ್ಲಿತ್ತು.

“ಇದೇ ತಾತನ ಬೋರೆ. ಮೇಲೆ ಒಂದಷ್ಟು ಗರಸು, ಅದರಡಿ ಬರೀ ಕಲ್ಲು. ಸೀಳು ಸಿಕ್ಕಿದರೆ ನೀರು, ಇಲ್ಲದಿದ್ದರೆ ಹಿಟ್ಟು. ತಗ್ಗಿನಲ್ಲಿ ಕೊಳೆತ ಕಲ್ಲೂ ಕೊಚ್ಚಿ ಬಂದ ಮಣ್ಣೂ ದಪ್ಪವಾಗಿ ಕೂತು ನೀರು ಹಿಡಿದಿರುತ್ತವೆ” ಎಂದಳು. ಬೋರೆಗೆ ಹುರುಳಿ, ತಗ್ಗಿಗೆ ಭತ್ತ ಎಂದು ಅಪ್ಪ ಹೊಲ ಹಂಚುತ್ತಿದ್ದದ್ದು ನೆನಪಾಯಿತು. ಅವರ ವಿಂಗಡಣೆಯೂ ನೀರಿನಿಂದಲೇ ಹುಟ್ಟಿದ್ದು.

ಮೂರನೆಯ ದಿನ: ಶ್ರೀರಂಗಪಟ್ಟಣ

ಮೇಲುಕೋಟೆಯ ಕಡೆಯ ಹಳ್ಳಗಳ ನೀರು ಲೋಕಪಾವನಿಯನ್ನು ಸೇರಿ, ಕರಿಘಟ್ಟದ ಬಳಿ ಕಾವೇರಿಗೆ ಬೀಳುತ್ತದೆ. ನನ್ನ ಚೀಲದ ಗರಸಿನ ದಾರಿಯೂ ಅದೇ ಎಂದುಕೊಂಡು ಕರಿಘಟ್ಟ ಹತ್ತಿದೆವು. ಹಳ್ಳ, ತೊರೆ, ಹೊಳೆ ಎಂದು ನಾವು ಹೇಳುವುದನ್ನು ಹಾರ್ಟನ್, ಸ್ಟ್ರಾಲರ್ ಎಂಬ ವಿಜ್ಞಾನಿಗಳು ಸಂಖ್ಯೆಗೆ ಇಳಿಸಿದ್ದಾರೆ. ಉಪತೊರೆಯಿಲ್ಲದ್ದು ಒಂದನೆಯ ದರ್ಜೆ. ಒಂದನೆಯ ದರ್ಜೆಯ ಎರಡು ಕೂಡಿದರೆ ಎರಡನೆಯದು. ಹೀಗೆ ಏರುತ್ತ ಹೋಗುತ್ತದೆ.

ಮೇಲಿನಿಂದ ಕಾವೇರಿ ಎರಡಾಗಿ ಸೀಳಿ ಪಟ್ಟಣವನ್ನು ಬಳಸಿಕೊಂಡದ್ದು ಕಾಣುತ್ತದೆ. ಇದು ಆದಿರಂಗ. ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗ ಅಂತ್ಯರಂಗ. ಮೂರೂ ನದಿಯ ನಡುಗಡ್ಡೆಗಳು. ಹಿಂದಿನವರು ಒಂದೇ ಬಗೆಯ ನೆಲವನ್ನು ಗುರುತಿಸಿ ಒಂದೇ ದೇವರನ್ನು ಮಲಗಿಸಿದ್ದಾರಲ್ಲ ಎಂದು ನನಗೆ ರೋಮಾಂಚನವಾಯಿತು. ವಿಜ್ಞಾನ ಇವನ್ನು ಬೇರೆ ಮಾಡುತ್ತದೆ: ಮೇಲಿನ ಎರಡು ಕಲ್ಲಿನ ತಳದ ದ್ವೀಪಗಳು, ಕೊನೆಯದು ನದಿಯೇ ತಂದು ಹಾಸಿದ ಮೆಕ್ಕಲಿನದು.

ಮಧ್ಯಾಹ್ನ ರಂಗನತಿಟ್ಟಿನಲ್ಲಿ ದೋಣಿ ಹತ್ತಿದೆವು. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ತಿಟ್ಟು ಎಂದರೆ ದಿಬ್ಬ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ನೀರು ನಿಂತು, ಎತ್ತರದ ಜಾಗಗಳು ತಿಟ್ಟುಗಳಾಗಿ ಉಳಿದವು. ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. ಒಡ್ಡಿಲ್ಲದಿದ್ದರೆ ತಿಟ್ಟಿಲ್ಲ, ತಿಟ್ಟಿಲ್ಲದಿದ್ದರೆ ಗೂಡಿಲ್ಲ. ಮನುಷ್ಯರಿಂದಾದದ್ದು ಎಂಬ ಬಣ್ಣ ನಕ್ಷೆಯಲ್ಲಿ ಏಕಿರಬೇಕು ಎಂದು ಆಗ ತಿಳಿಯಿತು.

ನಾಲ್ಕನೆಯ ದಿನ: ತಲಕಾಡು, ಶಿವನಸಮುದ್ರ

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರದಲ್ಲಿ ತಿಂಡಿ ಮುಗಿಸಿ, ಹತ್ತು ಗಂಟೆಗೆ ತಲಕಾಡು ಮುಟ್ಟಿದೆವು. ಚಪ್ಪಲಿ ಕೈಯಲ್ಲಿ ಹಿಡಿದು ಮರಳು ಹತ್ತುವಾಗ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತಿತ್ತು. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ದೇವಾಲಯವನ್ನು ನೋಡಲು ಗುಳಿಗೆ ಇಳಿಯುವಂತೆ ಇಳಿಯಬೇಕು. ಗುಡಿ ಕುಸಿದಿಲ್ಲ, ಅದರ ಸುತ್ತ ನೆಲವೇ ಏರಿದೆ.

“ಮೊದಲ ದಿನದ ಬೆಟ್ಟಕ್ಕೂ ಈ ದಿಬ್ಬಕ್ಕೂ ಏನು ಬೇರೆ, ಹೇಳಿ ಅತ್ತೆ” ಎಂದಳು ಪುಟ್ಟಿ. ಪಾಠ ಒಪ್ಪಿಸುವವಳಂತೆ ಹೇಳಿದೆ: ಅದು ಉಳಿದದ್ದು, ಇದು ಬಂದು ಕೂತದ್ದು. ಅಲ್ಲಿ ಸುತ್ತಲಿನದೆಲ್ಲ ಹೋಗಿ ಎತ್ತರವಾಯಿತು, ಇಲ್ಲಿ ಎಲ್ಲಿಂದಲೋ ಬಂದು ಎತ್ತರವಾಯಿತು. ಎತ್ತರವನ್ನಷ್ಟೇ ಅಳೆಯುವವರಿಗೆ ಎರಡೂ ಗುಡ್ಡ.

ಒಂದು ಬೊಗಸೆ ಒಣ ಮರಳು ತೆಗೆದು ಮೇಲಿನಿಂದ ಸಣ್ಣಗೆ ಸುರಿದಳು. ಗೋಪುರ ಎದ್ದಿತು, ಕಡಿದಾಯಿತು, ಇನ್ನು ಕಡಿದಾಗಲಾರದೆ ಬದಿಯಲ್ಲಿ ಸರ್ರನೆ ಜಾರಿತು. ಮತ್ತೆ ಸುರಿದರೆ ಮತ್ತೆ ಅದೇ ಓರೆ. ಒಣ ಮರಳು 30ರಿಂದ 34 ಡಿಗ್ರಿಗಿಂತ ಕಡಿದಾಗಿ ನಿಲ್ಲುವುದಿಲ್ಲ. ಎದುರಿನ ದಿಬ್ಬದ, ಗಾಳಿಗೆ ಬೆನ್ನು ಮಾಡಿದ ಬದಿಯ ಮುಂದೆ ಮೊಬೈಲಿನ ಕೋನಮಾಪಕ ಹಿಡಿದಳು. 32. ಗಾಳಿ ಬರುವ ಕಡೆಯಿಂದ ಕಾಳುಗಳು ಕುಪ್ಪಳಿಸಿ ಕುಪ್ಪಳಿಸಿ ನೆತ್ತಿ ಏರುತ್ತವೆ, ಆಚೆ ಬದಿಯಲ್ಲಿ ಜಾರುತ್ತವೆ. ಹೀಗೆ ದಿಬ್ಬವೇ ಹೆಜ್ಜೆ ಹಾಕುತ್ತದೆ. ಅದನ್ನು ತಡೆಯಲು ನೆಟ್ಟ ನೀಲಗಿರಿ ಮರಗಳು ಕಾಂಡದ ಅರ್ಧದವರೆಗೆ ಹೂತು ನಿಂತಿದ್ದವು.

ಅಲಮೇಲಮ್ಮನ ಶಾಪ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? “ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ.” ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ತೆಗೆದುಕೊಂಡ ಕಾಲದ ಕಥೆ. ಹೊಳೆಯ ದಡದಲ್ಲಿ ನಿಂತು ನೋಡಿದರೆ ಆ ಎರಡು ಸಾಲು ಒಂದೇ ತಿರುವಿನ ಎರಡು ದಡಗಳು. ನದಿ ಇಲ್ಲಿ ಬಾಗುತ್ತದೆ. ತಿರುವಿನ ಒಳಬದಿಯಲ್ಲಿ ನೀರು ನಿಧಾನ, ಹೊತ್ತ ಮರಳನ್ನು ಇಳಿಸುತ್ತದೆ; ಅದು ತಲಕಾಡಿನ ಕಡೆ. ಹೊರಬದಿಯಲ್ಲಿ ರಭಸ, ದಡ ಕೊರೆದು ಮಡು ಮಾಡುತ್ತದೆ. ಅದು ಮಾಲಂಗಿಯ ಕಡೆ. ಶಾಪವನ್ನು ಹೇಳಿದವರು ಹೊಳೆಯನ್ನು ಚೆನ್ನಾಗಿ ನೋಡಿದ್ದರು ಎಂದು ನಾನು ನಂಬುತ್ತೇನೆ. ಮರಳು ದಡ ಬಿಟ್ಟು ಊರು ಏರಿದ್ದಕ್ಕೆ ಕಾರಣಗಳನ್ನು ಇನ್ನೂ ಚರ್ಚಿಸುತ್ತಾರೆ. ಹದಿನಾಲ್ಕನೆಯ ಶತಮಾನದ ಮಾಧವ ಮಂತ್ರಿಯ ಅಣೆಕಟ್ಟೆಯಿಂದ ಹರಿವು ತಗ್ಗಿ, ಬೇಸಿಗೆಯಲ್ಲಿ ಬತ್ತಿದ ಪಾತ್ರದ ಮರಳನ್ನು ನೈಋತ್ಯದ ಗಾಳಿ ಹೊತ್ತಿತು ಎನ್ನುವವರಿದ್ದಾರೆ. ನೆಲದ ಸ್ತರಭಂಗ, ಅಂದರೆ ಕಲ್ಲು ಸೀಳಿ ಜಾರಿದ್ದು, ನದಿಯ ನಡೆಯನ್ನೇ ಬದಲಿಸಿತು ಎನ್ನುವವರೂ ಇದ್ದಾರೆ. ನನಗೆ ಎರಡೂ ಕೂಡಿ ನಡೆದಿರಬಹುದು ಎನ್ನಿಸುತ್ತದೆ. ದಿಬ್ಬದ ನೆತ್ತಿಯಿಂದ ಒಂದು ಹಿಡಿ ಮರಳನ್ನು ಎರಡನೆಯ ಪೊಟ್ಟಣದಲ್ಲಿ ಕಟ್ಟಿಕೊಂಡೆ.

ಶಿವನಸಮುದ್ರ ತಲುಪುವಾಗ ಮೂರೂವರೆ. ತಲಕಾಡಿನಲ್ಲಿ ಮಂಡಿಯೂರಿ ಕೂತವರಂತೆ ಹರಿಯುತ್ತಿದ್ದ ಅದೇ ಕಾವೇರಿ ಗಗನಚುಕ್ಕಿಯಲ್ಲಿ 98 ಮೀಟರ್ ಕೆಳಗೆ ದುಮುಕುತ್ತಿತ್ತು. ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಡೇವಿಸರ ಲೆಕ್ಕದಲ್ಲಿ ಜಲಪಾತ ಯೌವನದ ಗುರುತು. ಮುಪ್ಪಿನ ಬಯಲಿನಲ್ಲಿ ಬಂದ ನದಿಗೆ ಪ್ರಸ್ಥಭೂಮಿಯ ಅಂಚಿನಲ್ಲಿ ಮತ್ತೆ ಯೌವನ ಬಂದಿದೆ; ಅದನ್ನು ಪುನರ್ಯೌವನ ಎಂದೇ ಕರೆಯುತ್ತಾರೆ. ಇಲ್ಲಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನಾವು ಅರ್ಧ ಗಂಟೆ ಸುಮ್ಮನೆ ನಿಂತಿದ್ದು, ಮಳವಳ್ಳಿಯ ಬಸ್ ಹಿಡಿದೆವು.

ಊರು ಸೇರಿದಾಗ ರಾತ್ರಿ ಒಂಬತ್ತು. ಅಪ್ಪ ಜಗಲಿಯ ಮೇಲೇ ಇದ್ದರು. ಎರಡೂ ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟೆ, ಎಲ್ಲಿಯವು ಎಂದು ಹೇಳಲಿಲ್ಲ. ಮೊದಲನೆಯದನ್ನು ಬೆರಳ ತುದಿಯಲ್ಲಿ ತಿಕ್ಕಿ, “ಇದು ಬೋರೆಯ ಗರಸು. ಇನ್ನೂ ಜೇಡಿ ಹತ್ತುತ್ತದೆ” ಎಂದರು. ಎರಡನೆಯದನ್ನು ಮುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹೊಳೆಯ ಮರಳು. ಆದರೆ ಹೊಳೆಯಲ್ಲಿ ದಪ್ಪ ಕಾಳು, ಸಣ್ಣ ಕಾಳು, ಕಸ ಎಲ್ಲ ಕೂಡಿರುತ್ತದೆ. ಇದರಲ್ಲಿ ಒಂದೇ ಅಳತೆಯ ಸಣ್ಣ ಕಾಳು ಮಾತ್ರ ಇದೆ. ಯಾರು ಜರಡಿ ಹಿಡಿದರು?”

“ಗಾಳಿ, ತಾತ” ಎಂದಳು ಪುಟ್ಟಿ.

“ಹಾಗಾದರೆ ತೂರಿದ ಮರಳು ಅನ್ನು” ಎಂದರು ಅಪ್ಪ, ಸುಗ್ಗಿಯ ಕಣದಲ್ಲಿ ರಾಗಿ ತೂರಿದ ಕೈಯಿಂದ ಒಂದು ಚಿಟಿಕೆ ಎತ್ತಿ ಕೆಳಗೆ ಬಿಡುತ್ತ. ಪುಟ್ಟಿ ಚೀಲದಿಂದ ಪುಸ್ತಕ ತೆಗೆದು, ತಲಕಾಡಿನ ಪುಟದಲ್ಲಿ ಆ ಎರಡು ಪದ ಬರೆದುಕೊಂಡಳು.